ಸಿನಿಮಾಕ್ಕೆ ಕೊಟ್ಟ ತಾಂಬೂಲ

ಮುಳಬಾಗಿಲಿನಲ್ಲಿ ಮುರಳಿಮೋಹನನ ಕಣ್ಣಿಗೆ ಬೀಳದೆ ಮದುವೆಯಾದವರು ಕಡಿಮೆ. ಹಾಗೆ ಆದವರಿದ್ದರೆ ಅವರು ಓಡಿಹೋಗಿ ಆದವರು. ಊರಿನ, ಸುತ್ತಲ ಹಳ್ಳಿಗಳ ಧಾರೆ, ನಾಮಕರಣ, ಗೃಹಪ್ರವೇಶಗಳನ್ನೆಲ್ಲ ಇಪ್ಪತ್ತು ವರ್ಷದಿಂದ ವಿಡಿಯೋ ಮಾಡಿಕೊಂಡು ಬಂದ ಮನುಷ್ಯ ಅವನು. ಕೈ ಎತ್ತಿ "ಸ್ವಲ್ಪ ನಿಲ್ಲಿ" ಅಂದರೆ ತಾಳಿ ಹಿಡಿದ ಗಂಡಿನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು, ಪುರೋಹಿತರ ಮಂತ್ರ ಗಂಟಲಲ್ಲೇ ನಿಲ್ಲುತ್ತಿತ್ತು, ಮುಹೂರ್ತವೊಂದೇ ನಿಲ್ಲುತ್ತಿರಲಿಲ್ಲ. ಇಷ್ಟು ವರ್ಷ ಇಷ್ಟು ಜನರನ್ನು ನಿಲ್ಲಿಸಿದವನಿಗೆ ತಾನು ಸಾಮಾನ್ಯನಲ್ಲ ಅನ್ನಿಸಿದ್ದರೆ ತಪ್ಪು ಅವನೊಬ್ಬನದೇ ಅಲ್ಲ.

ಅವನೊಬ್ಬನದೇ ಅಂತ ಹೇಳುತ್ತಿದ್ದವಳು ಗಂಗಾ. ಗಂಗಾ ಅವನ ಹೆಂಡತಿ, ಶ್ರೀನಿವಾಸಪುರದ ಕಡೆಯವಳು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಗಂಡ ತಂದು ಸುರಿದದ್ದನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಅವನು ತೆಗೆದ ವಿಡಿಯೋದಲ್ಲಿ ಅರ್ಧ ಪಾಲು ಛತ್ರದ ಫ್ಯಾನು, ಕಾಲು ಪಾಲು ಹುಡುಗಿಯ ಸೋದರಮಾವನ ಬೆನ್ನು. ಉಳಿದದ್ದರಲ್ಲಿ ಎಲ್ಲೋ ಒಂದು ಮದುವೆ ಇರುತ್ತಿತ್ತು. ಅದನ್ನು ಹುಡುಕಿ ತೆಗೆದು, ನಾದಸ್ವರ ಹಚ್ಚಿ, ನೋಡುವಂತೆ ಮಾಡಿ ಕಳಿಸುತ್ತಿದ್ದವಳು ಗಂಗಾ. ಹೊಗಳಿಕೆ ಬಾಗಿಲಲ್ಲಿ ನಿಂತವನಿಗೆ ಸಿಗುತ್ತಿತ್ತು; ಹಿಂದಿನ ಕೋಣೆಯವರೆಗೆ ನಡೆದುಬರುವಷ್ಟು ಶಕ್ತಿ ಅದಕ್ಕಿರಲಿಲ್ಲ.

ಮದುವೆಗೆ ಮುಂಚೆ ಮುರಳಿಮೋಹನ ಬೆಂಗಳೂರಿಗೆ ಹೋಗಿ ಯಾವುದೋ ಚಿತ್ರೀಕರಣದಲ್ಲಿ ಬೆಳ್ಳಿ ಬಣ್ಣದ ಹಲಗೆ ಹಿಡಿದು ನಾಯಕನ ಮುಖಕ್ಕೆ ಬಿಸಿಲು ಬಿಟ್ಟಿದ್ದ. ಒಂದು ತಿಂಗಳೂ ತುಂಬುವ ಮೊದಲೇ ಕಾಮಾಲೆ ಬಂದು ಊರಿಗೆ ವಾಪಸಾದ. ಕಾಮಾಲೆ ವಾಸಿಯಾಯಿತು, ಸಿನಿಮಾ ವಾಸಿಯಾಗಲಿಲ್ಲ. ಅಂದಿನಿಂದ ಅವನ ಮಾತು ಶುರುವಾಗುವುದೇ "ನಮ್ಮ ಇಂಡಸ್ಟ್ರಿಯಲ್ಲಿ" ಅಂತ. ಮೊನ್ನೆ ಮೊನ್ನೆ ಡ್ರೋನ್ ಕೊಂಡ ಮೇಲೆ ಬೋರ್ಡಿನಲ್ಲಿ ಹೆಸರಿನ ಕೆಳಗಿದ್ದ 'ವಿಡಿಯೋಗ್ರಾಫರ್' ಅಳಿಸಿ 'ನಿರ್ದೇಶಕ' ಅಂತ ಬರೆಸಿದ. ಕಪ್ಪು ಕನ್ನಡಕವನ್ನು ಮನೆಯೊಳಗೂ ತೆಗೆಯದೆ ಎರಡು ಸಲ ಫ್ರಿಜ್ಜಿಗೆ ಹಾಯ್ದ. ನಿರ್ದೇಶಕರು ಎದುರಿಗಿರುವುದನ್ನು ನೋಡುವುದಿಲ್ಲ, ಮುಂದಿನದನ್ನು ನೋಡುತ್ತಾರೆ ಅಂತ ಗಂಗಾ ಅವನ ಹಣೆಗೆ ಅರಿಸಿನ ಹಚ್ಚುತ್ತಾ ಹೇಳಿದಳು. ಅವನು ಅದನ್ನು ಹೊಗಳಿಕೆ ಅಂದುಕೊಂಡ.

ಹೀಗಿರುವಾಗ ಅವನಿಗೆ ಒಬ್ಬ ನಿರ್ಮಾಪಕ ಸಿಕ್ಕ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಮಂಡಿ ಇಟ್ಟಿದ್ದ ವೆಂಕಟರಾಯಪ್ಪ. ಮಂಡಿಯಲ್ಲಿ ಹರಾಜು ಕೂಗಿ ಕೂಗಿ, ಪಕ್ಕದಲ್ಲಿ ಕೂತವನಿಗೆ ನೀರು ಕೊಡು ಅನ್ನಬೇಕಾದರೂ ಬೀದಿಗೆಲ್ಲ ಕೇಳಿಸುವ ಕಂಠ. ಅವರ ಒಬ್ಬನೇ ಮಗ ಕದಿರೇಶ, ಇಪ್ಪತ್ತರ ಹುಡುಗ, ಗಿಣಿಯಂಥ ಮೂಗು, ಅಪ್ಪನ ಎದುರಿಗೆ ಬಾಯಿಬಿಡದ ಸ್ವಭಾವ. ಮಗ ನಾಯಕನಾಗಬೇಕು, ಉಳಿದದ್ದು ನಿಮ್ಮಿಷ್ಟ ಅಂದರು ವೆಂಕಟರಾಯಪ್ಪ. ಉಳಿದದ್ದು ಅಂದರೆ ಕಥೆ, ನಾಯಕಿ ಇತ್ಯಾದಿ ಸಣ್ಣಪುಟ್ಟ ವಿಷಯಗಳು.

ಕಥೆ ಪಿಯುಸಿ ಓದುವ ಇಬ್ಬರದು. ನಾಯಕಿ ಮನೆಯೊಳಗೇ ಸಿಕ್ಕಳು. ಮಾಲೂರಿನಲ್ಲಿದ್ದ ಗಂಗಾಳ ಅಕ್ಕನ ಮಗಳು ಶ್ರೀವಾಣಿ, ನಿಜವಾಗಿಯೂ ಎರಡನೇ ಪಿಯುಸಿ ಓದುತ್ತಿದ್ದವಳು. ಅವಳ ಅಪ್ಪ ಶ್ರೀನಿವಾಸಪ್ಪ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಕಾರ್ಖಾನೆ ನೌಕರ, ಬೋಗಿಯಲ್ಲಿ ಕೂತಲ್ಲಿ ಕೂರದೆ ಎಲ್ಲರಿಗೂ ಜಾಗ ಬಿಟ್ಟುಕೊಡುವ ಮನುಷ್ಯ. ಮಗಳು ಸಿನಿಮಾದಲ್ಲಿ ಅಂದಾಗ ಅವರು ಹಿಂಜರಿದಿದ್ದರು. ನಾನಿದ್ದೀನಲ್ಲ ಬಾವ, ಅಂತ ಒಪ್ಪಿಸಿದವಳು ಗಂಗಾ. ಆ ಮಾತು ಮುಂದೆ ಅವಳ ಕೊರಳಿಗೇ ಬಂತು.

ಚಿತ್ರೀಕರಣ ದಸರಾ ರಜೆಯಲ್ಲಿ ನಡೆಯಿತು. ಗಂಗಾ ಒಂದು ವಿಷಯವನ್ನು ಯಾರಿಗೂ ಹೇಳಿರಲಿಲ್ಲ: ಸಿನಿಮಾ ಚೆನ್ನಾಗಿ ಬರುತ್ತಿತ್ತು. ಮುರಳಿಮೋಹನನಿಂದಾಗಿ ಅಲ್ಲ; ಅವನು ಡ್ರೋನ್ ಹಾರಿಸುತ್ತಾ ಮೇಲೆ ನೋಡುತ್ತಿದ್ದಾಗ ಇನ್ನೊಂದು ಕ್ಯಾಮೆರಾ ನೆಲದಲ್ಲಿ ತಾನೇ ಓಡುತ್ತಿತ್ತು, ಅದರಿಂದಾಗಿ. ಆ ಹುಡುಗ ಹುಡುಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದ ಕಡ್ಲೆಕಾಯಿ ತಿನ್ನುತ್ತಾ, ಏನೋ ಹೇಳಹೊರಟು, ಹೇಳದೆ, ಸಿಪ್ಪೆಯನ್ನು ಜೋಡಿಸಿಡುವುದು ಅದರಲ್ಲಿತ್ತು. ಅದನ್ನು ಜೋಡಿಸುವಾಗ ಗಂಗಾ ನಾದಸ್ವರ ಹಚ್ಚಲಿಲ್ಲ, ಏನೂ ಹಚ್ಚಲಿಲ್ಲ. ಕೊನೆಯಲ್ಲಿ ಇವಳ ಬಸ್ಸು ಮಾಲೂರಿನ ಕಡೆಗೆ, ಅವನ ಬಸ್ಸು ಇನ್ನೊಂದು ಕಡೆಗೆ. ಅಲ್ಲಿಗೆ ಮುಗಿಯಬೇಕು ಅಂತ ಬರೆದಿತ್ತು.

ವೆಂಕಟರಾಯಪ್ಪ ಆ ಕೊನೆಯನ್ನು ಕೇಳಿ ಕೆಂಡವಾದರು. ನನ್ನ ಮಗ ಬಸ್ ಹತ್ತಿ ಹೋಗೋದನ್ನ ನೋಡೋಕೆ ನಾನು ಇಷ್ಟು ಜನಕ್ಕೆ ಊಟ ಹಾಕಿಸಬೇಕಾ ಅಂತ ಮಂಡಿ ಕಂಠದಲ್ಲಿ ಕೇಳಿದರು. ಹುಡುಗ ಬಸ್ಸನ್ನು ನಿಲ್ಲಿಸಿ, ಮಂಡಿಯೂರಿ, ಮದುವೆಯಾಗ್ತೀಯಾ ಅನ್ನಬೇಕು. ಅಷ್ಟರಲ್ಲಿ ಬಿಳಿ ಕಾರಿನಲ್ಲಿ ಹುಡುಗನ ಅಪ್ಪ ಇಳಿಯಬೇಕು, ಹೆಣ್ಣಿನ ಮನೆಗೆ ಹೋಗಿ ತಾನೇ ತಾಂಬೂಲ ಕೊಡಬೇಕು. ಅಪ್ಪನ ಪಾತ್ರಕ್ಕೆ ಬೇರೆ ಯಾರನ್ನೂ ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ, ಅಂತಲೂ ಸೇರಿಸಿದರು.

ಗಂಗಾ ಗಂಡನನ್ನು ಒಂದು ಕಡೆಗೆ ಕರೆದು ಕೇಳಿದಳು. ಇನ್ನೂ ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆಯಲೂ ನಾಚುವ ಮಕ್ಕಳು, ಇದ್ದಕ್ಕಿದ್ದಂತೆ ಮದುವೆ ಮಾತು ಎಲ್ಲಿಂದ ಬಂತು?

"ಗಂಗಾ, ನಿಂಗೆ ಜನ ಗೊತ್ತಿಲ್ಲ ಕಣೇ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ತಾಳಿ ಬೀಳೋ ತನಕ ಒಬ್ಬನೂ ಎದ್ದು ಹೋಗಲ್ಲ."

"ಅವರು ಕಾಯೋದು ಊಟಕ್ಕೆ ರೀ."

ಅವನು ಕನ್ನಡಕ ಸರಿಮಾಡಿಕೊಂಡ. ಇಂಡಸ್ಟ್ರಿಯಲ್ಲಿ ಹೆಂಡತಿಯರನ್ನು ಕೇಳಿ ಕ್ಲೈಮ್ಯಾಕ್ಸ್ ಮಾಡಿದವರು ಯಾರೂ ಉದ್ಧಾರವಾಗಿಲ್ಲ ಅಂತ ಹೇಳಿ ಹೊರಟುಹೋದ.

ಆ ದೃಶ್ಯ ಮಾಲೂರಿನಲ್ಲಿ, ಶ್ರೀನಿವಾಸಪ್ಪನವರ ಮನೆಯಲ್ಲೇ ನಡೆಯಿತು. ಮುರಳಿಮೋಹನನಿಗೆ ಗೊತ್ತಿದ್ದದ್ದು ಒಂದೇ ರೀತಿ, ಅದರಂತೆಯೇ ತೆಗೆದ. ಹುಡುಗಿಯ ಅಪ್ಪನಾಗಿ ಹುಡುಗಿಯ ಅಪ್ಪನನ್ನೇ ಕೂರಿಸಿದ. ಮದುವೆಗಳಲ್ಲಿ ಪರಿಚಯವಿದ್ದ ಪುರೋಹಿತರನ್ನೇ ಕರೆತಂದ. ಬೀದಿಯ ಮುತ್ತೈದೆಯರನ್ನೆಲ್ಲ ಸೇರಿಸಿದ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹೂವು ಎಲ್ಲ ನಿಜದ್ದು. ಪುರೋಹಿತರಿಗೆ ಇದು ಸಿನಿಮಾ ಅಂತ ಹೇಳಿದ್ದರು. ಅವರು ಹೂಂ ಅಂದು, ಕಣ್ಣು ಮುಚ್ಚಿ, ಅಭ್ಯಾಸದಂತೆ ಎರಡೂ ಕಡೆಯ ಹೆಸರು ಕೇಳಿದರು. ಶ್ರೀನಿವಾಸಪ್ಪ ಕ್ಯಾಮೆರಾ ನೋಡಿ ಬೆವತು, ಕಥೆಯಲ್ಲಿನ ಹೆಸರು ಮರೆತು, ಮಗಳ ಹೆಸರನ್ನೇ ಹೇಳಿದರು. ವೆಂಕಟರಾಯಪ್ಪ ಮಗನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಹೇಳಿದರು. ಇಂಥವರ ಮಗಳನ್ನು ಇಂಥವರ ಮಗನಿಗೆ ಅಂತ ಹಿರಿಯರ ಎದುರಿಗೆ ನುಡಿದು, ತಟ್ಟೆ ಕೈ ಬದಲಾಯಿತು. ಶ್ರೀನಿವಾಸಪ್ಪ ಅತ್ತರು. ಮುರಳಿಮೋಹನ ಇನ್ನೊಂದು ಸಲ ತೆಗೆಯೋಣ ಅಂದದ್ದಕ್ಕೆ ಪುರೋಹಿತರು ಕಿವಿ ಮುಚ್ಚಿಕೊಂಡರು. ತಾಂಬೂಲ ಎರಡೆರಡು ಸಲ ಕೊಡುವಂಥದ್ದಲ್ಲವಂತೆ.

ಆಗ ಎಲ್ಲರೂ ನಕ್ಕರು. ವೆಂಕಟರಾಯಪ್ಪ ಹೊರಡುವಾಗ ಶ್ರೀನಿವಾಸಪ್ಪನವರ ಬೆನ್ನು ತಟ್ಟಿ "ಬರ್ತೀನಿ ಬೀಗರೇ" ಅಂದರು. ಅದಕ್ಕೂ ನಕ್ಕರು.

ಸಂಕ್ರಾಂತಿಗೆ ಮಂಡಿಯ ವ್ಯಾನು ಮಾಲೂರಿಗೆ ಬಂತು. ಎಳ್ಳು, ಕಬ್ಬು, ಒಂದು ರೇಷ್ಮೆ ಸೀರೆ, ಮಲ್ಲಿಗೆ. ಬೀಗರು ಕಳಿಸಿದ್ದು ಅಂತ ಡ್ರೈವರ್ ಹೇಳಿದ. ಈ ಸಲ ಶ್ರೀವಾಣಿ ನಗಲಿಲ್ಲ. ಬೀದಿಯ ಹೆಂಗಸರು ನಿಶ್ಚಯವಾದ ಹುಡುಗಿ ಅಂತಲೇ ಅವಳನ್ನು ಕರೆಯತೊಡಗಿದ್ದರು. ಅವರೇ ಕಣ್ಣಾರೆ ಕಂಡದ್ದಲ್ಲವೇ. ಶಿವಾರಪಟ್ಟಣದ ಕಡೆಯ ನೆಂಟರೊಬ್ಬರು, ನಮ್ಮನ್ನು ಕರೆಯದೆ ತಾಂಬೂಲ ಮಾಡಿದಿರಿ ಅಂತ ಮುನಿಸಿಕೊಂಡು ಹೋದರು. ಶ್ರೀನಿವಾಸಪ್ಪನವರಿಗೆ ಮೊದಮೊದಲು ಮುಜುಗರವಾಗಿತ್ತು. ಆಮೇಲೆ ಯೋಚಿಸಿದರು. ಒಂದೇ ಕುಲದ ಜನ, ದೊಡ್ಡ ಮನೆ, ತಾವಾಗಿ ಬಂದು ಕೇಳುತ್ತಿದ್ದಾರೆ. ರೈಲಿನ ಬೋಗಿಯಲ್ಲಿ ಅಪರಿಚಿತರಿಗೆ ಇಲ್ಲ ಅನ್ನಲಾಗದ ಮನುಷ್ಯ, ಟೊಮೇಟೊ ಮಂಡಿಗೆ ಹೇಗೆ ಇಲ್ಲ ಅಂದಾರು? ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಲಿ, ಆಮೇಲೆ ಮುಹೂರ್ತ, ಅಂತ ವೆಂಕಟರಾಯಪ್ಪ ಕಾನೂನನ್ನೂ ತಾವೇ ದೊಡ್ಡ ಮನಸ್ಸು ಮಾಡಿ ಪಾಲಿಸುವವರಂತೆ ಹೇಳಿ ಕಳಿಸಿದರು.

ಪರೀಕ್ಷೆ ಮುಗಿದ ಮೇಲೆ ಶ್ರೀವಾಣಿ ಮುಳಬಾಗಿಲಿಗೆ ಬಂದು ಚಿಕ್ಕಮ್ಮ ಗಂಗಾಳ ಹಿಂದಿನ ಕೋಣೆಯಲ್ಲಿ ಕೂತಳು.

"ಪಿನ್ನಮ್ಮ, ನಂಗೆ ಮದ್ವೆ ಬೇಡ."

ಆ ಹುಡುಗ ಹೇಗೆ ಅಂತ ಗಂಗಾ ಕೇಳಿದಳು. ಕದಿರೇಶ ಒಳ್ಳೆಯವನೇ, ಅವನ ಜೊತೆ ಮಾತಾಡಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಅಂದಳು ಶ್ರೀವಾಣಿ. ಅವನಿಗೂ ಹೀಗೇ ಅನ್ನಿಸಿದೆಯಂತೆ, ಅಪ್ಪನಿಗೆ ಹೇಳಲು ಭಯವಂತೆ. ಹಾಗಾದರೆ ಮುಂದೆ ಏನು ಓದಬೇಕು ಅಂತಿದ್ದೀಯ ಅಂದಳು ಗಂಗಾ.

"ಗೊತ್ತಿಲ್ಲ. ನಂಗೇನ್ ಬೇಕು ಅಂತ ನಂಗೇ ಇನ್ನೂ ಗೊತ್ತಾಗಿಲ್ಲ. ಗೊತ್ತಾಗೋಕೆ ಮುಂಚೆ ಎಲ್ಲ ಮುಗಿಸಿಬಿಡ್ತಾರೆ ಪಿನ್ನಮ್ಮ."

ಇಷ್ಟು ಹೇಳಿ ಹುಡುಗಿ ಪರದೆಯ ಮೇಲೆ ನಿಂತಿದ್ದ ತನ್ನದೇ ಮುಖ ನೋಡಿದಳು. ತಟ್ಟೆ ಹಿಡಿದ ಕೈಗಳ ಹಿಂದೆ, ಯಾರ ಮನೆಯ ಸಮಾರಂಭಕ್ಕೋ ಬಂದವಳಂತೆ ನಿಂತಿದ್ದ ಮುಖ. ಗಂಗಾ ಎಷ್ಟೋ ಮದುವೆಗಳನ್ನು ಜೋಡಿಸಿದವಳು. ಆ ಮುಖ ಅವಳಿಗೆ ಹೊಸದಲ್ಲ. ಅಂಥದ್ದು ಕಂಡಲ್ಲೆಲ್ಲ ಅವಳು ಕತ್ತರಿಸಿ ಅಲ್ಲೊಂದು ಹೂವಿನ ಚಿತ್ರ ಹಾಕುತ್ತಾ ಬಂದಿದ್ದಳು. ಇದಕ್ಕೆ ಹೂವು ಹಾಕಲು ಕೈ ಬರಲಿಲ್ಲ.

ಸಿನಿಮಾದಿಂದ ಆ ಕೊನೆಯನ್ನೇ ಕಿತ್ತುಹಾಕಿದರೆ ಎಲ್ಲ ಮರೆತುಹೋದೀತು ಅಂತ ಅವಳ ಲೆಕ್ಕ. ಮುರಳಿಮೋಹನನ ಜೊತೆ ಒಂದು ವಾರ ಯುದ್ಧ ಮಾಡಿದಳು. ಅವನು ಬಗ್ಗಲಿಲ್ಲ. ಕೊನೆಗೆ ನಾಟಕದ ಮೇಷ್ಟ್ರು ಆವಲಪ್ಪನವರು ಬಂದು ಬಗ್ಗಿಸಿದರು. ಹಳ್ಳಿಹಳ್ಳಿಗೆ ಪೌರಾಣಿಕ ನಾಟಕ ಕಲಿಸಿದ ಹಿರಿಯರು ಅವರು. ಮುರಳಿಮೋಹನ ಹೆದರುವ ಒಬ್ಬನೇ ವ್ಯಕ್ತಿ. ಅವರು ಸಿನಿಮಾ ನೋಡಿ, ಕಡ್ಲೆಕಾಯಿ ತಿಂದ ಮಕ್ಕಳಿಗೆ ಕೈ ತೊಳೆಯೋಕೂ ಬಿಡದೆ ಧಾರೆ ಎರೆದುಬಿಟ್ಟೆಯಲ್ಲೋ ಅಂದರು. ಹೆಂಡತಿ ತಿಂಗಳುಗಟ್ಟಲೆ ಹೇಳಿದ್ದು ಆ ಕ್ಷಣದಲ್ಲಿ ಮುರಳಿಮೋಹನನ ಸ್ವಂತ ಅಭಿಪ್ರಾಯವಾಯಿತು. ತಾನು ಮೊದಲಿನಿಂದಲೂ ಬಸ್ಸಿನ ಕೊನೆಯನ್ನೇ ಬಯಸಿದ್ದೆ, ನಿರ್ಮಾಪಕರ ಒತ್ತಡ ಅಂತ ನಿಟ್ಟುಸಿರುಬಿಟ್ಟು, ವೆಂಕಟರಾಯಪ್ಪನವರಿಗೆ ಫೋನ್ ಮಾಡಿದ. ಗಂಗಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆ ಕಂಠಕ್ಕೆ ಫೋನನ್ನು ಕಿವಿಗೆ ಇಟ್ಟುಕೊಳ್ಳಬೇಕಾದ ಅಗತ್ಯವಿರಲಿಲ್ಲ.

"ತೆಗೆದುಹಾಕ್ತೀಯಾ? ತೆಗಿ. ನಂಗೇನೂ ಬೇಜಾರಿಲ್ಲ," ಅಂದರು ವೆಂಕಟರಾಯಪ್ಪ. "ಸಿನಿಮಾದಲ್ಲಿ ಇಲ್ಲ ಅಂದ್ರೆ ಅದು ನಮ್ಮನೆ ನಿಶ್ಚಿತಾರ್ಥದ ವಿಡಿಯೋ ಆಯ್ತು. ಒಂದು ಕಾಪಿ ನಂಗೆ ಕಳಿಸು, ಒಂದು ಬೀಗರಿಗೆ ಕೊಡು."

ಗಂಗಾ ಕುರ್ಚಿಯಲ್ಲಿ ಕೂತುಬಿಟ್ಟಳು. ಕತ್ತರಿಸಿದರೆ ಸಿನಿಮಾ ಉಳಿಯುತ್ತದೆ, ಹುಡುಗಿ ಹೋಗುತ್ತಾಳೆ. ಆ ತಾಂಬೂಲವನ್ನು ಸುಳ್ಳು ಅನ್ನುವುದಕ್ಕೆ ಇದ್ದ ಸಾಕ್ಷಿ ಅಂದರೆ ಅದು ಈ ಸಿನಿಮಾದೊಳಗಿದೆ ಅನ್ನುವುದೊಂದೇ. ಅವಳು ಫೋನ್ ಇಟ್ಟ ಗಂಡನಿಗೆ ಹೇಳಿದಳು, "ರೀ, ಕೊನೆ ಇರಲಿ. ಒಂದು ಚೂರೂ ಕಡಿಮೆ ಮಾಡೋದು ಬೇಡ."

ಮುರಳಿಮೋಹನ ಕನ್ನಡಕ ತೆಗೆದು ಅವಳನ್ನು ನೋಡಿದ. ಆಮೇಲೆ ಅವನ ಮುಖದ ಮೇಲೆ ನಿಧಾನಕ್ಕೆ ಒಂದು ತೃಪ್ತಿ ಹರಡಿತು. ಒಳ್ಳೆಯ ಕಲೆ ಹೀಗೇ, ಮೊದಲು ವಿರೋಧ ಬರುತ್ತೆ, ಆಮೇಲೆ ಅರ್ಥವಾಗುತ್ತೆ ಅಂದ. ಹೌದು ಅಂದಳು ಗಂಗಾ. ಮೂರನೇ ಮನುಷ್ಯರು ಯಾರಾದರೂ ನೋಡುತ್ತಿದ್ದರೆ ನಗು ಬಂದು, ಅವಳಿಗೆ ಅಷ್ಟು ಸುಲಭವಾಗಿ ಹೌದು ಅನ್ನಲು ಆಗುತ್ತಿರಲಿಲ್ಲ.

ಪ್ರದರ್ಶನ ಊರಿನ ಹಳೆಯ ಟಾಕೀಸಿನಲ್ಲಿ ಇಟ್ಟರು. ಅದೀಗ ಟಾಕೀಸಲ್ಲ, ಕಲ್ಯಾಣ ಮಂಟಪ. ಪರದೆಯಿದ್ದ ಗೋಡೆಗೆ ಈಗ ಥರ್ಮೋಕೋಲಿನ ನವಿಲುಗಳು. ನವಿಲುಗಳ ಮೇಲೆ ಬಿಳಿ ಬಟ್ಟೆ ಕಟ್ಟಿ ಬೆಳಗಿನ ಆಟ ಹಾಕಿದರು. ವೆಂಕಟರಾಯಪ್ಪ ಅರ್ಧ ಮಂಡಿಯನ್ನೇ ಕರೆತಂದಿದ್ದರು. ಮಾಲೂರಿನಿಂದ ಶ್ರೀನಿವಾಸಪ್ಪ ಮಗಳ, ಬೀದಿಯ ಹೆಂಗಸರ ಜೊತೆ ಬಂದು, ಹಿಂದಿನ ಸಾಲಿನಲ್ಲಿ ಕೂತರು. ಬೀಗರು ಮುಂದೆ ಬರಬೇಕು ಅಂತ ವೆಂಕಟರಾಯಪ್ಪ ಅಲ್ಲಿಂದಲೇ ಕೂಗಿ, ಎಬ್ಬಿಸಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು.

ಕಡ್ಲೆಕಾಯಿಯ ಭಾಗಕ್ಕೆ ಮಂಟಪ ಗಪ್ಪಾಯಿತು. ಟೊಮೇಟೊ ದರವನ್ನು ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ಮುಚ್ಚದ ಮಂಡಿಯವರೂ ಬಾಯಿ ಮುಚ್ಚಿ ನೋಡಿದರು. ಗಂಗಾ ಗೋಡೆಗೆ ಒರಗಿ ನಿಂತಿದ್ದಳು. ಬಸ್ಸುಗಳು ಎರಡು ದಿಕ್ಕಿಗೆ ಹೊರಟವು. ಇಲ್ಲಿಗೆ ನಿಂತಿದ್ದರೆ, ಅನ್ನಿಸಿತು ಅವಳಿಗೆ. ನಿಲ್ಲಲಿಲ್ಲ. ಒಂದು ಬಸ್ಸು ಕೀರಿಟ್ಟು ನಿಂತಿತು, ಕದಿರೇಶ ಪ್ಯಾಂಟು ಬಿಗಿಯಾಗಿ ಅರ್ಧಕ್ಕೇ ಮಂಡಿಯೂರಿದ, ಬಿಳಿ ಕಾರು ಬಂತು. ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗರು ಹೋ ಅಂದರು. ಅದನ್ನು ವೆಂಕಟರಾಯಪ್ಪ ಮೆಚ್ಚುಗೆ ಅಂದುಕೊಂಡು ಹಿಂದೆ ತಿರುಗಿ ಕೈ ಎತ್ತಿದರು. ತಟ್ಟೆ ಕೈ ಬದಲಾಯಿತು, ಶ್ರೀನಿವಾಸಪ್ಪ ಅತ್ತರು, ಮುಗಿಯಿತು.

ಆವಲಪ್ಪನವರು ವೇದಿಕೆ ಹತ್ತಿದರು. ಗಂಗಾ ಹಿಂದಿನ ಸಂಜೆಯೇ ಅವರ ಮನೆಗೆ ಹೋಗಿ, ಎಲ್ಲವನ್ನೂ ಹೇಳಿ ಬಂದಿದ್ದಳು. ಮೇಷ್ಟ್ರು ಮೈಕಿನ ಮುಂದೆ ಕೆಮ್ಮಿ, ತೆಲುಗು ಬೆರೆತ ತಮ್ಮ ಕನ್ನಡದಲ್ಲಿ ಶುರುಮಾಡಿದರು.

"ಅಬ್ಬಬ್ಬಾ, ಏಮಿ ಯಾಕ್ಟಿಂಗಯ್ಯಾ ವೆಂಕಟರಾಯಪ್ಪ ನಿಂದು. ದುರ್ಯೋಧನನ ಪಾರ್ಟು ಮಾಡೋಕೆ ಎಷ್ಟು ಜನರನ್ನ ತಿದ್ದಿದ್ದೀನಿ, ಈ ಗತ್ತು ಒಬ್ಬನಿಗೂ ಬರಲಿಲ್ಲ. ಆ ತಾಂಬೂಲ ಕೊಟ್ಟೆ ನೋಡು, ನಿಜವಾಗಿ ಕೊಟ್ಟಂಗೇ ಇತ್ತು."

ಮಂಟಪ ಚಪ್ಪಾಳೆ ಹೊಡೆಯಿತು. ವೆಂಕಟರಾಯಪ್ಪನವರ ಕುತ್ತಿಗೆ ಷರ್ಟಿನ ಕಾಲರಿನಿಂದ ಎರಡು ಬೆರಳು ಮೇಲೆ ಬಂತು. ಗಂಗಾ ಮೈಕನ್ನು ಅವರ ಕೈಗೆ ಕೊಂಡೊಯ್ದು ಕೊಟ್ಟಳು. ಕೊಡುತ್ತಾ, ಮೈಕಿಗೆ ಕೇಳುವಷ್ಟೇ ಜೋರಾಗಿ, ಬಹಳ ವಿನಯದಿಂದ ಕೇಳಿದಳು.

"ಅಣ್ಣಾ, ಕೆಲವರು ಅದು ಯಾಕ್ಟಿಂಗೇ ಅಲ್ಲ, ನಿಜವಾದ ಶಾಸ್ತ್ರನೇ ವಿಡಿಯೋ ಮಾಡಿದ್ದಾರೆ ಅಂತಿದ್ದಾರೆ. ಹೌದಾ?"

ವೆಂಕಟರಾಯಪ್ಪ ಮೈಕನ್ನು ನೋಡಿದರು, ಆವಲಪ್ಪನವರನ್ನು ನೋಡಿದರು, ಚಪ್ಪಾಳೆಗೆ ಎತ್ತಿದ ಕೈಗಳನ್ನು ಇನ್ನೂ ಇಳಿಸದೆ ಕೂತಿದ್ದ ತಮ್ಮ ಮಂಡಿಯವರನ್ನು ನೋಡಿದರು. ಒಂದು ಕಡೆ ಸೊಸೆ, ಒಂದು ಕಡೆ ದುರ್ಯೋಧನ. ಸೊಸೆ ಯಾರಿಗೆ ಬೇಕಾದರೂ ಬರುತ್ತಾಳೆ.

"ಯಾವನು ಹೇಳಿದ್ದು?" ಅಂದರು. ಮೈಕು ಕೀರಿಟ್ಟಿತು. "ಪೂರಾ ಯಾಕ್ಟಿಂಗು. ಒಂದೇ ಟೇಕು. ತಾಂಬೂಲನೂ ಯಾಕ್ಟಿಂಗೇ, ಬೀಗರೂ ಯಾಕ್ಟಿಂಗೇ. ಈ ಶ್ರೀನಿವಾಸಪ್ಪ ಯಾರು ಅಂತಾನೇ ನಂಗೆ ಮುಂಚೆ ಗೊತ್ತಿರ್ಲಿಲ್ಲ."

ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಮಾಲೂರಿನಿಂದ ಬಂದಿದ್ದ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಮಗೆ ಆವತ್ತೇ ಅನುಮಾನ ಇತ್ತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಮುಂದಿನ ಸಾಲಿನಲ್ಲಿ ಕದಿರೇಶ ತನ್ನ ಜೀವನದಲ್ಲಿ ಮೊದಲ ಬಾರಿಗೆ ಅಪ್ಪನಿಗಾಗಿ ಮನಸ್ಸಿಟ್ಟು ಚಪ್ಪಾಳೆ ಹೊಡೆಯುತ್ತಿದ್ದ. ಮುರಳಿಮೋಹನ ವೇದಿಕೆಯ ಕಂಬಕ್ಕೆ ಹಾಯ್ದು, ಸಾವರಿಸಿಕೊಂಡು, ಈ ನಟನೆಯನ್ನು ಹೊರತೆಗೆದದ್ದು ಯಾರು ಅನ್ನುವ ವಿಷಯದ ಮೇಲೆ ಭಾಷಣ ಶುರುಮಾಡಿದ. ಜನ ಎದ್ದರು. ಊಟ ಬಡಿಸಿದ್ದರು.

ಸಿನಿಮಾ ಆಮೇಲೆ ಯೂಟ್ಯೂಬಿಗೆ ಹೋಯಿತು. ನೋಡಿದವರಲ್ಲಿ ಹೆಚ್ಚಿನವರು ಬಸ್ಸಿನವರೆಗೆ ನೋಡಿ, ಕಾರು ಬಂದ ತಕ್ಷಣ ಎದ್ದುಹೋಗುತ್ತಿದ್ದರು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಬಸ್ಸಿನವರೆಗಿನ ಆ ಸಿನಿಮಾ ಗಂಗಾ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅದನ್ನು ಕೆಡಿಸಿದವಳೂ ಅವಳೇ, ಬೇಕಂತಲೇ.

ಆದರೆ ಅದು ಆಮೇಲಿನ ಮಾತು. ಆ ದಿನ ಊಟದ ಸಾಲಿನಲ್ಲಿ ವೆಂಕಟರಾಯಪ್ಪ ಶ್ರೀನಿವಾಸಪ್ಪನವರ ಪಕ್ಕ ಬಂದು ನಿಂತರು. ಬೀಗರೇ ಅನ್ನಲಿಲ್ಲ. ಕಲಾವಿದನೊಬ್ಬ ಇನ್ನೊಬ್ಬನಿಗೆ ಹೇಳುವಂತೆ, ನೀವೂ ಪರವಾಗಿಲ್ಲ, ಆದರೆ ಆ ಅಳೋದು ಸ್ವಲ್ಪ ಅತಿಯಾಯ್ತು, ಕಡಿಮೆ ಮಾಡಿಕೊಳ್ಳಿ ಅಂತ ಬುದ್ಧಿ ಹೇಳಿ, ಕೈಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಮುಂದೆ ಹೋದರು.

ಶ್ರೀನಿವಾಸಪ್ಪ ಎಲೆಯ ಮುಂದೆ ಕೂತರು. ದೊಡ್ಡ ಮನೆ ಕೈತಪ್ಪಿದ್ದು ಅವರಿಗೆ ಅಷ್ಟಾಗಿ ನಾಟಿದಂತಿರಲಿಲ್ಲ. ಮಗಳು ಎದುರು ಸಾಲಿನಲ್ಲಿ ಕೂತು, ಎಷ್ಟೋ ದಿನದಿಂದ ಊಟ ಕಾಣದವಳಂತೆ ಚಿತ್ರಾನ್ನ ತಿನ್ನುತ್ತಿದ್ದಳು, ಅದನ್ನು ನೋಡಿದರು. ಏನ್ ಓದಬೇಕೋ ನಿಧಾನಕ್ಕೆ ಯೋಚನೆ ಮಾಡಮ್ಮ ಅಂದರು. ಆಮೇಲೆ ಬಡಿಸುತ್ತಾ ಬಂದ ನಾದಿನಿಯನ್ನು ತಡೆದು, ಯಾರಿಗೂ ಕೇಳಿಸದಂತೆ ಕೇಳಿದರು.

"ಅಲ್ಲಮ್ಮ ಗಂಗಾ, ನಾನು ಅತ್ತಿದ್ದು ಜಾಸ್ತಿ ಆಯ್ತಾ?"

ಗಂಗಾ ಸೌಟು ಹಿಡಿದು ನಿಂತಳು.

"ಇಲ್ಲ ಬಾವ," ಅಂದಳು. "ಆ ಮನೆಯಲ್ಲಿ ಅವತ್ತು ಯಾಕ್ಟಿಂಗ್ ಮಾಡದೆ ಇದ್ದೋರು ನೀವೊಬ್ಬರೇ."

ಅವರಿಗೆ ಅದು ಮೆಚ್ಚುಗೆಯೋ ಅಲ್ಲವೋ ತಿಳಿಯಲಿಲ್ಲ. ಸಾರು ಹಾಕಿಸಿಕೊಂಡರು.